ಮೇಜಿನ ತರಬೇತಿ, ಚಿತ್ರದ ಚೀಟಿ, ಗುಳಿಗೆ, ಪಥ್ಯ: ಮಗನಿಗಾಗಿ ನಾವು ನಡೆದು ನೋಡಿದ ದಾರಿಗಳು

ನನ್ನ ಮಗನಿಗೆ ಸ್ವಲೀನತೆ, ಅಂದರೆ ಆಟಿಸಂ, ಇದೆಯೆಂದು ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ಖಚಿತವಾದಾಗ ಅವನಿಗೆ ಮೂರು ವರ್ಷ ನಾಲ್ಕು ತಿಂಗಳು. ನಮ್ಮ ದೇಶದಲ್ಲಿ ಇದಕ್ಕಾಗಿ ಬಳಸುವ ಐಎಸ್‌ಎಎ ಮಾಪನದಲ್ಲಿ 40 ಅಂಶಗಳಿವೆ. 70ರಿಂದ 106 ಅಂಕ ಬಂದರೆ ಸೌಮ್ಯ, 107ರಿಂದ 153 ಬಂದರೆ ಮಧ್ಯಮ, ಅದಕ್ಕೂ ಮೇಲಾದರೆ ತೀವ್ರ ಎಂದು ಲೆಕ್ಕ. ಅವನಿಗೆ 118 ಬಂದಿತ್ತು. ಈಗ ಅವನಿಗೆ ಎಂಟು ವರ್ಷ. ಈ ನಡುವೆ ಬೇರೆ ಬೇರೆ ಉಪಾಯಗಳನ್ನು, ಕೆಲವನ್ನು ಒಂದರ ನಂತರ ಒಂದಾಗಿ, ಕೆಲವನ್ನು ಜೊತೆಜೊತೆಯಾಗಿ ಮಾಡಿ ನೋಡಿದ್ದೇವೆ. ಅವುಗಳನ್ನು ಅಳೆಯಲು ನನ್ನ ಬಳಿ ಇರುವ ಅಳತೆಗೋಲು ಒಂದೇ: ಥೆರಪಿಯ ಕೋಣೆಯಲ್ಲಿ ಕಲಿತದ್ದು ನಮ್ಮ ಮನೆಯ ಹೊಸ್ತಿಲು ದಾಟಿ ಒಳಗೆ ಬಂತೇ, ಇಲ್ಲವೇ.

ಮೊದಲು ಹೋದದ್ದು ಹುಬ್ಬಳ್ಳಿಯ ಒಂದು ಖಾಸಗಿ ಕೇಂದ್ರಕ್ಕೆ. ವಾರಕ್ಕೆ ಮೂರು ದಿನ, ದಿನಕ್ಕೆ ಒಂದು ತಾಸು, ತಾಸಿಗೆ 600 ರೂಪಾಯಿ. ಅಲ್ಲಿ ಎಬಿಎ, ಅಂದರೆ ವರ್ತನೆಯನ್ನು ತಿದ್ದಿ ಕಲಿಸುವ ಪದ್ಧತಿಯ, ಮೇಜಿನ ತರಬೇತಿ ಕೊಡುತ್ತಿದ್ದರು. ಕಲಿಯಬೇಕಾದದ್ದನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆದು, ಪ್ರತಿ ಸರಿ ಉತ್ತರಕ್ಕೂ ಒಂದು ಬಹುಮಾನ ಕೊಟ್ಟು, ಅದನ್ನೇ ಹತ್ತಾರು ಸಲ ಮಾಡಿಸುವುದು ಇದರ ಕ್ರಮ. ಈ ಪದ್ಧತಿಯ ಹೆಸರು ಬೆಳೆದದ್ದು ಅಮೆರಿಕದ ಮನೋವಿಜ್ಞಾನಿ ಲೊವಾಸ್ 1987ರಲ್ಲಿ ಪ್ರಕಟಿಸಿದ ಅಧ್ಯಯನದಿಂದ. ಅದರಲ್ಲಿ ತೀವ್ರ ತರಬೇತಿ ಪಡೆದ 19 ಮಕ್ಕಳಿಗೆ ವಾರಕ್ಕೆ 40 ತಾಸು ಕಲಿಸಲಾಗಿತ್ತು. ಮೂರು ತಾಸು ಕಲಿಸಿ ಅದೇ ಫಲದ ಆಸೆ ಹುಟ್ಟಿಸುವುದು ನ್ಯಾಯವಲ್ಲವೆಂದು ಈಗ ಅನಿಸುತ್ತದೆ. ಆದರೂ ಒಂದು ಉಪಕಾರವನ್ನು ಮರೆಯಲಾರೆ: ಶೌಚದ ಅಭ್ಯಾಸ ಏಳೇ ವಾರದಲ್ಲಿ ಆಯಿತು, ಮನೆಯಲ್ಲೂ ಉಳಿಯಿತು. ಉಳಿದ ಕಲಿಕೆ ಮಾತ್ರ ಮೇಜಿನ ಮೇಲೆಯೇ ಉಳಿಯಿತು. ಅಲ್ಲಿನ ಪ್ಲಾಸ್ಟಿಕ್ ಬಳೆಗೆ "ಕೆಂಪು" ಎನ್ನುತ್ತಿದ್ದವನು ಮನೆಯ ಮೊರದಲ್ಲಿ ಒಣಗುತ್ತಿದ್ದ ಬ್ಯಾಡಗಿ ಮೆಣಸಿನಕಾಯಿ ತೋರಿಸಿದರೆ ಸುಮ್ಮನಿರುತ್ತಿದ್ದ.

ಅವನಿಗೆ ಸಂತೋಷವಾದರೆ ಎರಡೂ ಕೈಗಳನ್ನು ಹಕ್ಕಿಯ ರೆಕ್ಕೆಯಂತೆ ಬಡಿಯುತ್ತಾನೆ. ಅದನ್ನು ನಿಲ್ಲಿಸಲು ಕೇಂದ್ರದಲ್ಲಿ "ಕೈ ಕೆಳಗೆ" ಎಂಬ ಆಜ್ಞೆ ಇತ್ತು. ಒಂದು ದಿನ ನಿಲ್ದಾಣಕ್ಕೆ ಬರುತ್ತಿದ್ದ, ಹುಬ್ಬಳ್ಳಿ-ಧಾರವಾಡ ನಡುವಿನ ಚಿಗರಿ ಬಸ್ಸನ್ನು ಕಂಡು ಕೈ ಎತ್ತಿದವನು, ಯಾರೂ ಏನೂ ಹೇಳದಿದ್ದರೂ "ಕೈ ಕೆಳಗೆ" ಎಂದು ತಾನೇ ಹೇಳಿಕೊಂಡು ಕೈಗಳನ್ನು ತೊಡೆಗೆ ಒತ್ತಿ ಹಿಡಿದು ನಿಂತ. ಶೌಚದ ಅಭ್ಯಾಸ ಬಿಟ್ಟರೆ ಕೋಣೆಯಿಂದ ಹೊರಗೆ ಬಂದದ್ದು ಇದೊಂದೇ! ಆ ತಿಂಗಳೇ ಬಿಡಿಸಿದೆವು.

ಚಿತ್ರದ ಚೀಟಿಗಳ ದಾರಿ ತೋರಿಸಿದವರು ಸರ್ಕಾರಿ ಆಸ್ಪತ್ರೆಯ ಸ್ಪೀಚ್ ಥೆರಪಿಸ್ಟ್. ಇದಕ್ಕೆ ಪೆಕ್ಸ್ ಎನ್ನುತ್ತಾರೆ. ಅಮೆರಿಕದ ಬಾಂಡಿ ಮತ್ತು ಫ್ರಾಸ್ಟ್ 1985ರಲ್ಲಿ ರೂಪಿಸಿದ ಪದ್ಧತಿ. ಆರಂಭದಲ್ಲಿ ಇಬ್ಬರು ಬೇಕು: ಎದುರಿಗೆ ಕುಳಿತವರ ಕೈಯಲ್ಲಿ ಮಗುವಿಗೆ ಬೇಕಾದ ವಸ್ತು ಇರುತ್ತದೆ, ಹಿಂದೆ ಕುಳಿತವರು ಬಾಯಿ ಬಿಡದೆ ಮಗುವಿನ ಕೈ ಹಿಡಿದು ಚೀಟಿಯನ್ನು ಎದುರಿನವರಿಗೆ ಕೊಡಿಸುತ್ತಾರೆ. "ಏನು ಬೇಕು" ಎಂದು ಕೇಳಬಾರದು, ಏಕೆಂದರೆ ಮಾತು ಮಗುವಿನ ಕಡೆಯಿಂದಲೇ ಹುಟ್ಟಬೇಕು. ನಮ್ಮ ಅತ್ತೆಯವರಿಗೆ ಈ ನಿಯಮವೇ ಅತಿ ಕಷ್ಟವಾಯಿತು. "ಏನ್ ಬೇಕೋ ತಮ್ಮಾ" ಎನ್ನದೆ ಮೊಮ್ಮಗನಿಗೆ ಉಣಿಸಿದ ಅಭ್ಯಾಸ ಅವರಿಗೆ ಇರಲಿಲ್ಲ. ಚೀಟಿ ಕೊಟ್ಟರೆ ಮಾತೇ ಬರಲಿಕ್ಕಿಲ್ಲವೆಂದು ಅಂಜಿದವರೂ ಅವರೇ. ಚೀಟಿಗಳು ಮಾತಿಗೆ ಅಡ್ಡಿಯಾಗುವುದಿಲ್ಲವೆಂದು ಥೆರಪಿಸ್ಟ್ ಎರಡು ಸಲ ಬಿಡಿಸಿ ಹೇಳಬೇಕಾಯಿತು. ಹನ್ನೊಂದನೆಯ ದಿನ ಅತ್ತೆ ರೊಟ್ಟಿ ಬಡಿಯುತ್ತಿದ್ದಾಗ ಅವನು ಅಡುಗೆಮನೆಗೆ ಬಂದು, ಹಿಟ್ಟು ಮೆತ್ತಿದ ಅವರ ಅಂಗೈಯಲ್ಲಿ ಬೆಲ್ಲದ ಚಿತ್ರವನ್ನು ಇಟ್ಟ. ಆ ಚೀಟಿಯ ಮೂಲೆಯಲ್ಲಿ ಜೋಳದ ಹಿಟ್ಟು ಇನ್ನೂ ಅಂಟಿದೆ, ಒರೆಸಲು ಅತ್ತೆ ಬಿಡುವುದಿಲ್ಲ. ಮೇಜಿನ ತರಬೇತಿಯಲ್ಲಿ ಅವನಿಗೆ ಎಂದೂ ಕಲಿಸದ "ಸಾಕು" ಎಂಬುದನ್ನೂ ಚೀಟಿಯಿಂದಲೇ ಕಲಿತ. ಕಚ್ಚುವುದು ಕಡಿಮೆಯಾದದ್ದು ಅದರ ನಂತರ.

ಬಸ್ಸಿನಲ್ಲಿ ಕೇಳಿದ "ಮುಂದಿನ ನಿಲ್ದಾಣ" ಎಂಬ ಘೋಷಣೆಯನ್ನು ಅವನು ದಿನವಿಡೀ ಮರುನುಡಿಯುತ್ತಿದ್ದ. ಖಾಸಗಿ ಕೇಂದ್ರದವರು ಇದನ್ನು ಅಳಿಸಬೇಕಾದ ದುರಭ್ಯಾಸವೆಂದರೆ, ಸ್ಪೀಚ್ ಥೆರಪಿಸ್ಟ್ ಬಳಸಬಹುದಾದ ಮಾತೆಂದರು. ಅಂದಿನಿಂದ ಬೆಳಗಿನ ಕೆಲಸಗಳ ಚಿತ್ರಗಳನ್ನು ಗೋಡೆಯ ಮೇಲೆ ಬಸ್ಸಿನ ಮಾರ್ಗದಂತೆ ಅಂಟಿಸಿದ್ದೇವೆ. "ಮುಂದಿನ ನಿಲ್ದಾಣ ಜಳಕ" ಎಂದು ತಾನೇ ಘೋಷಿಸಿ ಬಚ್ಚಲಿಗೆ ನಡೆಯುತ್ತಾನೆ.

ದಿನನಿತ್ಯದ ಕೆಲಸಗಳನ್ನು ರೂಢಿ ಮಾಡಿಸುವ ಆಕ್ಯುಪೇಷನಲ್ ಥೆರಪಿಯಿಂದ ಗುಂಡಿ ಹಾಕುವುದು, ಚಮಚ ಹಿಡಿಯುವುದು ಬಂದವು. ಅಲ್ಲಿ ಚಲನೆ ಮತ್ತು ಸ್ಪರ್ಶದ ಸಂವೇದನೆಗೆಂದು ಮಾಡಿದ ಜೋಕಾಲಿ ಮತ್ತು ಬ್ರಷ್ಷಿನ ಪ್ರಯೋಗಗಳಿಂದ ಆದ ಲಾಭ ನನ್ನ ಕಣ್ಣಿಗೆ ಕಾಣಲಿಲ್ಲ.

ಐದೂವರೆ ವರ್ಷದಲ್ಲಿ ಗೋಡೆಗೆ ತಲೆ ಬಡಿದುಕೊಳ್ಳುವುದು ಹೆಚ್ಚಾದಾಗ ಮನೋವೈದ್ಯರು ರಿಸ್ಪೆರಿಡೋನ್ ಎಂಬ ಗುಳಿಗೆ ಬರೆದರು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇದನ್ನು 2006ರಲ್ಲಿ ಒಪ್ಪಿದ್ದು ಆಟಿಸಂ ಇರುವ ಮಕ್ಕಳ ಸಿಡುಕು, ಆಕ್ರಮಣ ಮತ್ತು ಸ್ವಯಂಹಾನಿಗಾಗಿ ಮಾತ್ರ. ಮಾತು ಅಥವಾ ಒಡನಾಟಕ್ಕೆ ಗುಳಿಗೆ ಇಲ್ಲವೆಂದು ವೈದ್ಯರು ಮೊದಲೇ ಹೇಳಿದ್ದರು. ಮೂರು ವಾರದಲ್ಲಿ ತಲೆ ಬಡಿತ ಬಹುಮಟ್ಟಿಗೆ ನಿಂತಿತು. ಹಸಿವು ಮಾತ್ರ ವಿಪರೀತ. ರಾತ್ರಿ ಎದ್ದು ರೊಟ್ಟಿಯ ಡಬ್ಬಿ ತೆಗೆಯುತ್ತಿದ್ದ, ನಾಲ್ಕು ಕಿಲೋ ತೂಕ ಏರಿತು. ಹದಿನಾಲ್ಕು ತಿಂಗಳ ನಂತರ ವೈದ್ಯರೇ ಹಂತಹಂತವಾಗಿ ಇಳಿಸಿ ನಿಲ್ಲಿಸಿದರು. ಅಗತ್ಯ ಬಿದ್ದರೆ ಮತ್ತೆ ಕೊಡಲು ನನಗೆ ಹಿಂಜರಿಕೆಯಿಲ್ಲ.

ಪಥ್ಯದ ಬಗ್ಗೆ ಆ ಮಾತು ಹೇಳಲಾರೆ. ಗೋಧಿ ಮತ್ತು ಹಾಲು ಬಿಡಿಸಿದರೆ ಆಟಿಸಂ ತಗ್ಗುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ಬಂಧುಗಳ ಒತ್ತಾಯಕ್ಕೆ ಮಣಿದೆವು. ಜೋಳದ ರೊಟ್ಟಿ ಉಣ್ಣುವ ಮನೆಯಲ್ಲಿ ಗೋಧಿ ಬಿಡುವುದು ದೊಡ್ಡ ಮಾತಲ್ಲ. ಆದರೆ ನಾಲ್ಕೇ ಬಗೆಯ ಆಹಾರ ಮುಟ್ಟುವ ಮಗುವಿನಿಂದ ಮೊಸರನ್ನ ಕಸಿದುಕೊಂಡದ್ದು ನಾವು ಮಾಡಿದ ತಪ್ಪು. ಮೂರು ತಿಂಗಳಲ್ಲಿ ಒಂದೂವರೆ ಕಿಲೋ ಇಳಿದ, ವರ್ತನೆಯಲ್ಲಿ ಏನೂ ಬದಲಾಗಲಿಲ್ಲ. ಸ್ಟೆಮ್ ಸೆಲ್ ಚಿಕಿತ್ಸೆಯನ್ನು ಒಬ್ಬರು ಲಕ್ಷಗಟ್ಟಲೆ ಹಣಕ್ಕೆ ಸೂಚಿಸಿದ್ದರು. ಆಟಿಸಂಗೆ ಅದು ಸಾಬೀತಾದ ಚಿಕಿತ್ಸೆಯೇ ಅಲ್ಲವಾದ್ದರಿಂದ ಆ ಬಾಗಿಲು ತಟ್ಟಲಿಲ್ಲ.

ಹಣದ ಮಾತಿಗೆ ಬಂದರೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಆಟಿಸಂ ಸೇರಿದೆ. ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ, ಕಾರ್ಡು ಮಾಡಿಸಿದ ಮೇಲೆ ವರ್ಷಕ್ಕೆ ಒಂದು ಲಕ್ಷದವರೆಗಿನ ನಿರಾಮಯ ಆರೋಗ್ಯ ವಿಮೆಗೂ ಅರ್ಜಿ ಹಾಕಬಹುದು. ಇದನ್ನು ಮೊದಲ ತಿಂಗಳಲ್ಲೇ ಮಾಡಬೇಕಿತ್ತು, ನಾವು ಮೂರನೆಯ ವರ್ಷದಲ್ಲಿ ಮಾಡಿದೆವು.

ಈಗ ನಮ್ಮೆದುರಿನ ಆಯ್ಕೆ ಕಾಗದದ ಚೀಟಿಯೋ, ಮಾತಾಡುವ ಟ್ಯಾಬೋ ಎಂಬುದು. ಟ್ಯಾಬಿನಲ್ಲಿ ಚಿತ್ರ ಒತ್ತಿದರೆ ಧ್ವನಿ ಬರುತ್ತದೆ, ಶಾಲೆಯ ಗೆಳೆಯರಿಗೂ ಅರ್ಥವಾಗುತ್ತದೆ. ಆದರೆ ಎರಡೇ ನಿಮಿಷದಲ್ಲಿ ಅವನು ಅದನ್ನು ಮುಚ್ಚಿ ಬಸ್ಸಿನ ವಿಡಿಯೊ ಹುಡುಕುತ್ತಾನೆ. ಚೀಟಿಗಳ ಫೈಲು 140 ಚಿತ್ರಗಳಷ್ಟು ದಪ್ಪವಾಗಿದೆ, ಮಳೆಗಾಲದಲ್ಲಿ ಅಂಚು ಸುರುಳಿಯಾಗುತ್ತದೆ. ಸದ್ಯಕ್ಕೆ ಅವನ ಪಾಟಿಚೀಲದಲ್ಲಿ ಇರುವುದು ಆ ಫೈಲೇ.