ರಂಗನ ಬಿಸಿಲು: ಮೂರು ಬಲ್ಬು ಬದಲಿಸಿದ ಮೇಲೆ ಉಳಿದ ಟ್ಯೂಬ್‌ಲೈಟ್

ರಂಗ ನಮ್ಮ ಮನೆಯ ಬಿಯರ್ಡೆಡ್ ಡ್ರ್ಯಾಗನ್. ಆಸ್ಟ್ರೇಲಿಯಾದ ಒಣ ಸೀಮೆಯ ಹಲ್ಲಿ. ಮಗಳ ಹತ್ತನೇ ಹುಟ್ಟುಹಬ್ಬಕ್ಕೆ ತಂದದ್ದು. ನಾವಿರುವುದು ಅಮೆರಿಕದ ಮಿಶಿಗನ್‌ನಲ್ಲಿ, ಡೆಟ್ರಾಯಿಟ್ ಹತ್ತಿರ. ಆ ವರ್ಷ ಚಿತ್ರದುರ್ಗದಿಂದ ಬಂದಿದ್ದ ಅಮ್ಮ ಗಾಜಿನ ಪೆಟ್ಟಿಗೆಯೊಳಗೆ ಇಣುಕಿ ನೋಡಿ ಕೇಳಿದರು: "ಅಲ್ಲೋ, ಬೇಲಿ ಮೇಲೆ ಬಿಟ್ಟಿ ಸಿಗೋ ಓತಿಕ್ಯಾತಕ್ಕೆ ದುಡ್ಡು ಕೊಟ್ಟಿದ್ದೀಯಾ?"

ಅಮ್ಮ ಹೇಳಿದ್ದು ತಪ್ಪೇನಲ್ಲ. ನಮ್ಮೂರ ಓತಿಕ್ಯಾತ, ಬಂಡೆ ಮೇಲೆ ಕೆಂಪು ಕಪ್ಪು ಬಣ್ಣ ತೋರಿಸಿಕೊಂಡು ತಲೆ ಆಡಿಸುತ್ತಾ ಕೂರುತ್ತದಲ್ಲ, ಅದೂ ರಂಗನೂ ಒಂದೇ ಕುಟುಂಬದವು. ವ್ಯತ್ಯಾಸ ಇಷ್ಟೇ. ಅದಕ್ಕೆ ದುರ್ಗದ ಬಿಸಿಲು ಬಿಟ್ಟಿ. ರಂಗನ ಬಿಸಿಲಿಗೆ ನಾನು ಅವನಿಗೆ ಕೊಟ್ಟದ್ದಕ್ಕಿಂತ ಜಾಸ್ತಿ ದುಡ್ಡು ಸುರಿದಿದ್ದೇನೆ. ಅದರಲ್ಲಿ ಅರ್ಧ ದಂಡ. ನಿಮಗೆ ಆ ದಂಡ ತಪ್ಪಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ತಂದದ್ದು ಸಾಕುಪ್ರಾಣಿ ಅಂಗಡಿಯಲ್ಲಿ ಒಂದೇ ಡಬ್ಬದಲ್ಲಿ ಸಿಗುವ ಪೂರ್ತಿ ಸೆಟ್. ಟ್ಯಾಂಕು, ಒಂದು ಬಿಸಿ ಬಲ್ಬು, ಸುರುಳಿ ಆಕಾರದ ಒಂದು ಪುಟ್ಟ ಯುವಿಬಿ (ಬಿಸಿಲಿನಲ್ಲಿರುವ ಒಂದು ಬಗೆಯ ನೇರಳಾತೀತ ಕಿರಣ) ಬಲ್ಬು, ಗಾಜಿಗೆ ಅಂಟಿಸುವ ಗಡಿಯಾರದಂಥ ಥರ್ಮಾಮೀಟರ್. ಕಂಪನಿ ಹೆಸರು ಬೇಡ ಬಿಡಿ, ಇಂಥ ಸೆಟ್ ಮಾರುವವರು ಬೇಕಾದಷ್ಟು ಜನ ಇದ್ದಾರೆ. ಡಬ್ಬದ ಮೇಲಿನ ಚಿತ್ರದಲ್ಲಿ ಬಿಸಿ ಬಲ್ಬು ಎಡ ತುದಿಯಲ್ಲಿ, ಯುವಿಬಿ ಬಲತುದಿಯಲ್ಲಿ ಇತ್ತು. ನಾನೂ ಹಾಗೇ ಇಟ್ಟೆ. ರಂಗ ಇಡೀ ದಿನ ಎಡಗಡೆ ಬಿಸಿ ಕಾಯಿಸುತ್ತಾ ಕೂತ. ಬಲಗಡೆಯ ಯುವಿಬಿ ಬೆಳಕು ಸುಮ್ನೆ ಪ್ಲಾಸ್ಟಿಕ್ ಗಿಡದ ಮೇಲೆ ಬಿತ್ತು.

ನಾಲ್ಕು ತಿಂಗಳಿಗೆ ಅವನ ಹಿಂಗಾಲು ನಡುಗಲು ಶುರುವಾಯಿತು. ವೈದ್ಯರು ಎಕ್ಸ್‌ರೇ ತೆಗೆದು, ಮೂಳೆ ಸವೆಯುವ ಕಾಯಿಲೆ ಈಗಷ್ಟೇ ಶುರುವಾಗಿದೆ ಅಂದರು. ಕ್ಯಾಲ್ಸಿಯಂ ಪುಡಿ ಉದುರಿಸಿದ ಹುಳುವನ್ನೇ ಕೊಡುತ್ತಿದ್ದೆವಲ್ಲ ಅಂದೆ. ಅದು ಮೈಗೆ ಹತ್ತಬೇಕಾದರೆ ವಿಟಮಿನ್ ಡಿ3 ಬೇಕು ಅಂತ ಅವರು ಬಿಡಿಸಿ ಹೇಳಿದರು. ಯುವಿಬಿ ಚರ್ಮದ ಮೇಲೆ ಬಿದ್ದಾಗ ಡಿ3ಯ ಮೊದಲ ರೂಪ ತಯಾರಾಗುತ್ತದೆ. ಆಮೇಲೆ ಅದು ಪೂರ್ತಿ ಡಿ3 ಆಗಲು ಮೈ ಬೆಚ್ಚಗಿರಬೇಕು. ಅಂದರೆ ಬಿಸಿಯೂ ಯುವಿಬಿಯೂ ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ ಸಿಗಬೇಕು. ಸೂರ್ಯ ಎರಡನ್ನೂ ಒಟ್ಟಿಗೇ ಕೊಡುತ್ತಾನೆ. ಡಬ್ಬದ ಚಿತ್ರ ಬರೆದವರು ಎರಡನ್ನೂ ಬೇರೆ ಮಾಡಿಬಿಟ್ಟಿದ್ದರು.

ಅಮ್ಮ ತಮಗೆ ಗೊತ್ತಿದ್ದ ಮದ್ದು ಮಾಡಿದರು. ನಮ್ಮನ್ನೆಲ್ಲ ಎಣ್ಣೆ ಹಚ್ಚಿ ಎಳೆಬಿಸಿಲಿಗೆ ಮಲಗಿಸಿದವರು ಅಲ್ವಾ? ನಾನು ಆಫೀಸಿಗೆ ಹೋದ ಮೇಲೆ ಟ್ಯಾಂಕನ್ನು ಕಿಟಕಿ ಪಕ್ಕಕ್ಕೆ ತಳ್ಳಿ ಇಟ್ಟಿದ್ದರು. ಆದರೆ ಕಿಟಕಿ ಗಾಜು ಯುವಿಬಿಯನ್ನು ಒಳಗೆ ಬಿಡುವುದಿಲ್ಲ. ಬೆಳಕು ಬರುತ್ತದೆ, ಬಿಸಿ ಬರುತ್ತದೆ, ಬೇಕಾದದ್ದು ಹೊರಗೇ ಉಳಿಯುತ್ತದೆ. ಮೇಲಾಗಿ ಗಾಜಿನ ಪೆಟ್ಟಿಗೆ ಬಿಸಿಲಲ್ಲಿ ಒಲೆಯಂತೆ ಕಾಯುತ್ತದೆ, ಆ ದಿನ ಮೋಡ ಇದ್ದದ್ದು ಪುಣ್ಯ. ಹೊರಗೇ ಒಯ್ದರೂ ಇಲ್ಲಿನ ಡಿಸೆಂಬರ್ ಬಿಸಿಲಲ್ಲಿ ಯುವಿಬಿ ಹೆಸರಿಗಷ್ಟೇ. ನನಗೂ ನಮ್ಮ ಡಾಕ್ಟರು ಚಳಿಗಾಲಕ್ಕೆ ಡಿ ಮಾತ್ರೆ ಬರೆದುಕೊಟ್ಟಿದ್ದಾರೆ.

ಎರಡನೇ ಪ್ರಯೋಗ ಮರ್ಕ್ಯುರಿ ವೇಪರ್ ಬಲ್ಬು. ಬಿಸಿಯೂ ಯುವಿಬಿಯೂ ಒಂದೇ ಬಲ್ಬಿನಿಂದ. ಕೇಳಿದಾಗ ಇದೇ ಸರಿ ಅನಿಸಿತ್ತು. ದೊಡ್ಡ, ಎತ್ತರದ ಗೂಡಿಗೆ ಇದು ಒಳ್ಳೆಯದೇ. ನಮ್ಮ ಟ್ಯಾಂಕಿಗೆ ಜಾಸ್ತಿಯಾಯಿತು. ಜೂನ್‌ನಲ್ಲಿ ಕಲ್ಲಿನ ಬಿಸಿ 118 ಡಿಗ್ರಿ ಫ್ಯಾರನ್‌ಹೀಟ್ ತೋರಿಸಿತು, ಹತ್ತಿರ ಹತ್ತಿರ 48 ಸೆಲ್ಸಿಯಸ್. ಈ ಬಲ್ಬನ್ನು ಮಂದ ಮಾಡಲು ಬರುವುದಿಲ್ಲ. ಆರಿಸಿದರೆ ತಣ್ಣಗಾಗುವ ತನಕ ಮತ್ತೆ ಹತ್ತುವುದಿಲ್ಲ. ಬಿಸಿ ಕಮ್ಮಿಯಾಗಲಿ ಅಂತ ಮೇಲೆತ್ತಿದರೆ ಯುವಿಬಿಯೂ ಕಮ್ಮಿ. ಎರಡು ಎತ್ತನ್ನು ಒಂದೇ ಹಗ್ಗಕ್ಕೆ ಕಟ್ಟಿದ ಹಾಗೆ. ಎರಡು ತಿಂಗಳಿಗೆ ಅದನ್ನೂ ತೆಗೆದೆ.

ಈಗ ಇರುವುದು ಝೂ ಮೆಡ್ ಕಂಪನಿಯ ರೆಪ್ಟಿಸನ್ 10.0, ಟಿ5 ಎಚ್‌ಒ ಅನ್ನುವ ತೆಳ್ಳಗಿನ, ಜೋರು ಬೆಳಕಿನ ಯುವಿಬಿ ಟ್ಯೂಬ್. 34 ಇಂಚು ಉದ್ದ, 39 ವ್ಯಾಟ್. ಹಿಂದೆ ಹೊಳೆಯುವ ರಿಫ್ಲೆಕ್ಟರ್ ಇರುವ ಪಟ್ಟಿಯಲ್ಲಿ ಕೂರಿಸಿದ್ದೇನೆ. ಈಗಿನ ಗೂಡು ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ. ಟ್ಯೂಬು ಬಿಸಿ ತುದಿಯಿಂದ ಶುರುವಾಗಿ ಮುಕ್ಕಾಲು ಭಾಗದ ಒಳಗೇ ಮುಗಿಯುತ್ತದೆ. ಆಚೆ ತುದಿ ನೆರಳು. ಸಾಕು ಅನಿಸಿದಾಗ ರಂಗ ಅಲ್ಲಿಗೆ ಹೋಗುತ್ತಾನೆ. ಆ ನೆರಳೂ ಬೆಳಕಿನಷ್ಟೇ ಮುಖ್ಯ. ಇದೇ ಕೆಲಸಕ್ಕೆ ಬ್ರಿಟನ್ನಿನ ಆರ್ಕೇಡಿಯಾ ಕಂಪನಿಯ 12 ಪರ್ಸೆಂಟ್ ಯುವಿಬಿ ಟ್ಯೂಬೂ ಇದೆ. ಗೆಳೆಯನ ಮನೆಯಲ್ಲಿ ನೋಡಿದ್ದೇನೆ, ಅದರಲ್ಲಿ ಏನೂ ಕೊರತೆ ಕಾಣಲಿಲ್ಲ. ನನಗೆ ಇದು ಹತ್ತಿರದಲ್ಲಿ ಸಿಕ್ಕಿತು, ಅಷ್ಟೇ.

"ಒಳ್ಳೆಯದು" ಅಂತ ಬಾಯಲ್ಲಿ ಹೇಳಿದರೆ ಆಗಲಿಲ್ಲ ತಾನೆ? ಯುವಿಬಿ ಕಣ್ಣಿಗೆ ಕಾಣುವುದಿಲ್ಲ. ಹಾಗಾಗಿ ಹಲ್ಲಿ ಸಾಕುವ ಒಬ್ಬರ ಹತ್ತಿರ ಸೋಲಾರ್‌ಮೀಟರ್ 6.5 ಅನ್ನುವ ಅಳತೆ ಯಂತ್ರ ಒಂದು ಭಾನುವಾರಕ್ಕೆ ಎರವಲು ತಂದೆ. ಹೊಸದು ತಗೊಂಡರೆ 200 ಡಾಲರಿಗೂ ಮೇಲೆ. ಇದು ಯುವಿ ಇಂಡೆಕ್ಸ್, ಅಂದರೆ ನೇರಳಾತೀತ ಕಿರಣ ಎಷ್ಟು ಜೋರಾಗಿದೆ ಅನ್ನುವ ಅಂಕಿ, ತೋರಿಸುತ್ತದೆ. ಸಂಶೋಧಕ ಗ್ಯಾರಿ ಫರ್ಗ್ಯುಸನ್ ಮತ್ತು ಜೊತೆಗಾರರು ಕಾಡಿನಲ್ಲಿ ಹಲ್ಲಿ, ಹಾವುಗಳು ಎಷ್ಟು ಬಿಸಿಲಿಗೆ ಮೈ ಒಡ್ಡುತ್ತವೆ ಅಂತ ಅಳೆದು, 2010ರಲ್ಲಿ ಅವನ್ನು ನಾಲ್ಕು ವಲಯಗಳಾಗಿ ವಿಂಗಡಿಸಿದರು. ಬಿಯರ್ಡೆಡ್ ಡ್ರ್ಯಾಗನ್ ಮೂರನೇ ವಲಯದ್ದು. ಬಿಸಿಲು ಕಾಯಿಸುವ ಜಾಗದಲ್ಲಿ ಇಂಡೆಕ್ಸ್ ಸುಮಾರು 3ರಿಂದ 7ರ ನಡುವೆ ಇರಬೇಕು.

ಹಳೆಯ ಸುರುಳಿ ಬಲ್ಬನ್ನೂ ಡ್ರಾಯರಿನಿಂದ ತೆಗೆದು ಅಳೆದೆ. ಒಂಬತ್ತು ಇಂಚು ದೂರದಲ್ಲಿ, ಗೂಡಿನ ಮೇಲೆ ಮುಚ್ಚುವ ಜಾಲರಿಯ ಕೆಳಗೆ, 0.4. ಮಗಳು "ಅಪ್ಪಾ, ಇದು ಸೊನ್ನೆ ತಾನೆ?" ಅಂದಳು. ಹೊಸ ಟ್ಯೂಬು, ರಂಗನ ಬೆನ್ನಿನ ಎತ್ತರದಲ್ಲಿ, 13 ಇಂಚು ದೂರದಲ್ಲಿ, ಜಾಲರಿ ಸರಿಸಿದಾಗ 5.4, ಜಾಲರಿ ಮುಚ್ಚಿದಾಗ 3.6. ಒಂದು ಕಬ್ಬಿಣದ ಜಾಲರಿ ಮೂರರಲ್ಲಿ ಒಂದು ಭಾಗ ನುಂಗಿತು! ನಿಮ್ಮ ಜಾಲರಿ ಇನ್ನೂ ಒತ್ತಾಗಿದ್ದರೆ ಇನ್ನೂ ಜಾಸ್ತಿ ನುಂಗುತ್ತದೆ. ಟ್ಯೂಬಿನ ಡಬ್ಬದ ಮೇಲಿನ ದೂರದ ಲೆಕ್ಕ ಓದುವಾಗ, ಅದು ಜಾಲರಿ ಸೇರಿಸಿಯೋ ಬಿಟ್ಟೋ ಅಂತ ನೋಡಿಕೊಳ್ಳಿ.

ಬಿಸಿಗೆ ಬೇರೆ ಬಲ್ಬು, ಟ್ಯೂಬಿನ ಪಕ್ಕಕ್ಕೇ ಅಂಟಿಕೊಂಡಂತೆ. ಮಾಮೂಲಿ ಹ್ಯಾಲೋಜನ್ ಫ್ಲಡ್ ಬಲ್ಬು ಸಾಕು, ಹಲ್ಲಿಯ ಚಿತ್ರ ಇರುವ ಡಬ್ಬವೇ ಆಗಬೇಕಿಲ್ಲ. ಒಂದೇ ತೊಂದರೆ, ಜಾಸ್ತಿ ಕರೆಂಟು ತಿನ್ನುವ ಮನೆ ಬಲ್ಬುಗಳ ಮಾರಾಟಕ್ಕೆ ಇಲ್ಲಿ 2023ರ ಆಗಸ್ಟ್‌ನಿಂದ ತಡೆ ಬಿದ್ದಿದೆ. ಹಾರ್ಡ್‌ವೇರ್ ಅಂಗಡಿ ಕಪಾಟಿನ ತುಂಬ ಎಲ್ಇಡಿ. ಎಲ್ಇಡಿಯಿಂದ ರಂಗನ ಹೊಟ್ಟೆ ಬೆಚ್ಚಗಾಗುವುದಿಲ್ಲ. ಕೊನೆಗೆ ಹಲ್ಲಿ ಚಿತ್ರದ ಡಬ್ಬಕ್ಕೇ ದುಡ್ಡು ಕೊಟ್ಟೆ.

ಬಲ್ಬಿನ ಕೆಳಗೆ ಒಂದು ಚಪ್ಪಡಿ ಕಲ್ಲು ಇಟ್ಟಿದ್ದೇನೆ. ಅದು ಅಮ್ಮನ ಸಲಹೆ: "ಬಂಡೆ ಕಾದ ಮೇಲೇ ಕಣೋ ಅದು ಹೊರಗೆ ಬರೋದು." ಕಲ್ಲಿನ ಮೇಲೆ 105 ಫ್ಯಾರನ್‌ಹೀಟ್, ತಂಪು ತುದಿಯಲ್ಲಿ 80. ಅಳೆಯುವುದು ಪಿಸ್ತೂಲಿನಂಥ ಇನ್ಫ್ರಾರೆಡ್ ಥರ್ಮಾಮೀಟರಿನಲ್ಲಿ, ಇಪ್ಪತ್ತು ಡಾಲರಿನದು. ಗಾಜಿಗೆ ಅಂಟಿಸಿದ್ದ ಗಡಿಯಾರ ಥರ್ಮಾಮೀಟರು ಇದಕ್ಕಿಂತ 15 ಡಿಗ್ರಿ ಕಮ್ಮಿ ತೋರಿಸುತ್ತಿತ್ತು. ಕಸದ ಬುಟ್ಟಿಗೆ ಹೋಯಿತು.

ಹ್ಯಾಲೋಜನ್‌ಗೆ ಮಂದ ಮಾಡುವ ಜಾತಿಯ ಥರ್ಮೋಸ್ಟಾಟ್ ಬೇಕು. ಬರೀ ಆನ್-ಆಫ್ ಆಗುವುದನ್ನು ಹಾಕಿದರೆ ಬಲ್ಬು ಇಡೀ ದಿನ ಮಿಣಕ್ ಮಿಣಕ್ ಅನ್ನುತ್ತದೆ. ಅದರ ವೈರಿನ ತುದಿಯ ಸೆನ್ಸರನ್ನು ಗಟ್ಟಿಯಾಗಿ ಕಟ್ಟಿ. ನಾನು ಟೇಪಿನಲ್ಲಿ ಅಂಟಿಸಿದ್ದೆ. ರಂಗ ಅದನ್ನು ಕಿತ್ತು ತಂಪು ಕಡೆಗೆ ಎಳೆದುಹಾಕಿದ. ಥರ್ಮೋಸ್ಟಾಟು ಪಾಪ, ಇನ್ನೂ ಚಳಿ ಅಂದುಕೊಂಡು ಬಲ್ಬನ್ನು ಪೂರ್ತಿ ಉರಿಸಿತು. ಸಂಜೆ ಬಂದು ನೋಡಿದರೆ ಅವನು ನೆರಳಿನ ಮೂಲೆಯಲ್ಲಿ ಬಾಯಿ ತೆರೆದು ಕೂತಿದ್ದ. ಇದು ನನ್ನದೇ ತಪ್ಪು, ಯಂತ್ರದ್ದಲ್ಲ. ಈಗ ಕಟ್ಟಿರುವುದು ಪ್ಲಾಸ್ಟಿಕ್ ಟೈಯಲ್ಲಿ.

ರಾತ್ರಿ ಎಲ್ಲ ಬಂದ್. ಕೆಂಪು ಬಲ್ಬು ಹಲ್ಲಿಗೆ ಕಾಣುವುದಿಲ್ಲ ಅನ್ನುವ ಮಾತು ಅಂಗಡಿಗಳಲ್ಲಿ ಇನ್ನೂ ಓಡುತ್ತದೆ, ನಂಬಬೇಡಿ. ಅದಕ್ಕೆ ಕಾಣುತ್ತದೆ, ನಿದ್ದೆ ಕೆಡುತ್ತದೆ. ಮನೆಯೊಳಗೆ 65 ಫ್ಯಾರನ್‌ಹೀಟಿಗಿಂತ ಕೆಳಗೆ ಇಳಿದರೆ ಮಾತ್ರ ಬೆಳಕಿಲ್ಲದ ಸೆರಾಮಿಕ್ ಹೀಟರ್ ಹಾಕುತ್ತೇನೆ. ಹೋದ ಚಳಿಗಾಲದಲ್ಲಿ ಅದು ಒಂದೇ ವಾರ ಬೇಕಾಯಿತು.

ಮೈಸೂರಿನ ತಮ್ಮ ಇದನ್ನೆಲ್ಲ ಕೇಳಿ, "ನಾನೂ ಒಂದು ನಕ್ಷತ್ರ ಆಮೆ ತರ್ತೀನಿ, ಲೈಟ್ ಕಳಿಸು" ಅಂದ. ಮಾರಾಯ, ನಕ್ಷತ್ರ ಆಮೆ ಮನೇಲಿಟ್ಟರೆ 1972ರ ವನ್ಯಜೀವಿ ಕಾಯ್ದೆಯಲ್ಲಿ ಕೇಸು ಬೀಳುತ್ತದೆ ಅಂದೆ. ಅವನು ಈಗ ಮೀನು ಸಾಕಿದ್ದಾನೆ.

ಟ್ಯೂಬಿನಲ್ಲಿ ನನಗಿರುವ ಒಂದೇ ದೂರು ವರ್ಷದ ಖರ್ಚು. ಕಣ್ಣಿಗೆ ಬೆಳಕು ಹಾಗೇ ಇದ್ದರೂ ಯುವಿಬಿ ಮೆಲ್ಲಗೆ ಇಳಿಯುತ್ತದೆ. ಹದಿಮೂರನೇ ತಿಂಗಳಿಗೆ ಅದೇ ಯಂತ್ರ ಮತ್ತೆ ಎರವಲು ತಂದು ಅಳೆದಾಗ, ಅದೇ ಜಾಗದಲ್ಲಿ 2.7. ಸುಮಾರು 40 ಡಾಲರ್ ಕೊಟ್ಟು ಹೊಸದು ಹಾಕಿದೆ. ಅಂದಿನಿಂದ ಟ್ಯೂಬಿನ ತುದಿಯಲ್ಲಿ ಮಾರ್ಕರಿನಿಂದ ತಾರೀಕು ಬರೆದಿಡುತ್ತೇನೆ. ರಂಗನ ಕಾಲು ನಡುಗುವುದು ನಿಂತಿದೆ, ಈ ಸಲದ ಎಕ್ಸ್‌ರೇ ಚೆನ್ನಾಗಿ ಬಂದಿದೆ. ಅಮ್ಮ ದುರ್ಗಕ್ಕೆ ವಾಪಸ್ಸು ಹೋದರು. ವಿಡಿಯೋ ಕಾಲ್ ಮಾಡಿದರೆ ಮೊದಲು ಮೊಮ್ಮಗಳನ್ನು ಕೇಳುತ್ತಾರೆ, ಆಮೇಲೆ "ಓತಿಕ್ಯಾತಕ್ಕೆ ಬಿಸಿಲು ಕಾಯಿಸಿದ್ರಾ?" ಅಂತ. ನನ್ನ ಡಿ ಮಾತ್ರೆಯ ವಿಷಯ ಇನ್ನೂ ಕೇಳಿಲ್ಲ.