ಪುಸ್ತಕದ ಗಿಮ್ಲಿ, ಸಿನಿಮಾದ ಗಿಮ್ಲಿ

ಈ ಬೇಸಿಗೆಯಲ್ಲಿ ಟೋಲ್ಕಿನ್ ಬರೆದ 'ಲಾರ್ಡ್ ಆಫ್ ದಿ ರಿಂಗ್ಸ್' ಪುಸ್ತಕವನ್ನು ಮತ್ತೆ ಮೊದಲಿಂದ ಓದಿದೆ. ಗಿಮ್ಲಿ ಆ ಕಥೆಯಲ್ಲಿ ಬರುವ ಕುಳ್ಳರ ಕುಲದ ಯೋಧ, ದುಷ್ಟ ಉಂಗುರವೊಂದನ್ನು ನಾಶಮಾಡಲು ಹೊರಟ ಗುಂಪಿನಲ್ಲಿ ಒಬ್ಬ. ಜೊತೆಜೊತೆಗೇ ಪೀಟರ್ ಜಾಕ್ಸನ್ ಅವರ ಮೂರೂ ಸಿನಿಮಾಗಳನ್ನು ಎರಡೆರಡು ಸಲ ನೋಡಿದೆ. ಒಮ್ಮೆ ಥಿಯೇಟರಿಗೆ ಬಂದಿದ್ದು, ಒಟ್ಟು 9 ಗಂಟೆಗೂ ಜಾಸ್ತಿ. ಇನ್ನೊಮ್ಮೆ ಆಮೇಲೆ ಡಿವಿಡಿಯಲ್ಲಿ ಬಂದ ಉದ್ದದ್ದು, 11 ಗಂಟೆಗೂ ಜಾಸ್ತಿ. ಬಂಗಾರಪೇಟೆಯ ನಮ್ಮ ಮನೆಯಲ್ಲಿ, ರಾತ್ರಿ ಊಟ ಆದಮೇಲೆ. ಜೊತೆಗೆ ಅಕ್ಕನ ಮಗ, ಮೂಲೆಯ ಕುರ್ಚಿಯಲ್ಲಿ ದೊಡ್ಡಪ್ಪ.

ಇದಕ್ಕೆಲ್ಲ ಕಾರಣ ಅಕ್ಕನ ಮಗ ಆಡಿದ ಒಂದು ಮಾತು. ಅವನು ಸಿನಿಮಾ ಮಾತ್ರ ನೋಡಿದವನು. 'ಗಿಮ್ಲಿನಾ? ಆ ಕಾಮಿಡಿ ಕುಳ್ಳ ತಾನೇ?' ಅಂದ. ನನಗೆ ನಿಜಕ್ಕೂ ನೋವಾಯಿತು.

ಯಾಕೆಂದರೆ ನಾನು ಕಾಲೇಜಿನಲ್ಲಿ ಓದಿದಾಗ ಗಿಮ್ಲಿ ನಮ್ಮ ಕಡೆಯವನು ಅನ್ನಿಸಿತ್ತು. ಅವನ ಕುಲದವರು ಮೋರಿಯಾ ಅನ್ನೋ ಗಣಿಯನ್ನು ಆಳಕ್ಕೆ, ಇನ್ನೂ ಆಳಕ್ಕೆ ತೋಡಿದವರು. ಕೊನೆಗೆ ಅದನ್ನು ಕಳೆದುಕೊಂಡವರು. ನಮ್ಮ ದೊಡ್ಡಪ್ಪ ಕೆಜಿಎಫ್ ಗಣಿಯೊಳಗೆ ಇಳಿದು ದುಡಿದವರು. 3 ಕಿಲೋಮೀಟರಿಗೂ ಜಾಸ್ತಿ ಆಳ ಹೋಗಿದ್ದ ಗಣಿ ಅದು. 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಅದೇ ವರ್ಷ ಡಿಸೆಂಬರಿನಲ್ಲಿ ಈ ಸಿನಿಮಾಗಳಲ್ಲಿ ಮೊದಲನೆಯದು ಬಂತು.

ಮೋರಿಯಾದ ಭಾಗದಲ್ಲಿ ಸಿನಿಮಾ ಸೋಲುವುದಿಲ್ಲ, ಅದನ್ನು ಒಪ್ಪಬೇಕು. ತನ್ನ ಬಂಧು ಬಾಲಿನ್ನನ ಸಮಾಧಿ ಮುಂದೆ ಗಿಮ್ಲಿ ಮಂಡಿಯೂರಿ ಅಳುತ್ತಾನೆ. ಗಿಮ್ಲಿಯ ಪಾತ್ರ ಮಾಡಿದ ಜಾನ್ ರೀಸ್ ಡೇವಿಸ್ ಅಲ್ಲಿ ಮನಸ್ಸಿಟ್ಟು ನಟಿಸಿದ್ದಾರೆ. ಪುಸ್ತಕದಲ್ಲಿ ಅಳು ಕೇಳಿಸುವುದಿಲ್ಲ, ತಲೆಯ ಮುಸುಕನ್ನು ಮುಖದ ಮೇಲೆ ಎಳೆದುಕೊಳ್ಳುತ್ತಾನೆ, ಅಷ್ಟೇ. ಅದಕ್ಕೂ ಮೊದಲು ಕತ್ತಲಲ್ಲಿ ಎದ್ದು ನಿಂತು ತನ್ನ ಹಿರಿಯರ ಮೇಲೆ ಒಂದು ಹಾಡು ಹೇಳುತ್ತಾನೆ. ಹಾಡು ಮುಗಿದ ಮೇಲೆ ಮಾತೇ ಆಡುವುದಿಲ್ಲ. ಆ ಹಾಡು ಸಿನಿಮಾದಲ್ಲಿ ಇಲ್ಲ.

ದಾರಿ ಕವಲಾಗೋದು ಆಮೇಲೆ. ಪುಸ್ತಕದಲ್ಲಿ ಎಲ್ಫ್‌ಗಳ ಒಡತಿ ಗ್ಯಾಲಡ್ರಿಯಲ್ ಅವನ ಊರಿನ ಹೆಸರುಗಳನ್ನು ಅವನದೇ ಭಾಷೆಯಲ್ಲಿ ಹೇಳುತ್ತಾಳೆ. ಕುಳ್ಳರಿಗೂ ಎಲ್ಫ್ ಕುಲಕ್ಕೂ ಹಳೇ ವೈರ. ಶತ್ರು ಅಂದುಕೊಂಡಿದ್ದವಳ ಬಾಯಲ್ಲಿ ತನ್ನ ಊರಿನ ಹೆಸರು! ಅಲ್ಲಿಗೆ ಅವನು ಕರಗಿ ಹೋಗುತ್ತಾನೆ. ಹೊರಡುವಾಗ ಏನು ಬೇಕು ಅಂತ ಕೇಳಿದರೆ ಅವಳ ತಲೆಯ ಒಂದೇ ಒಂದು ಕೂದಲೆಳೆ ಕೇಳುತ್ತಾನೆ. ಅವಳು ಮೂರು ಕೊಡುತ್ತಾಳೆ. ಥಿಯೇಟರಿನ ಸಿನಿಮಾದಲ್ಲಿ ಈ ಕೂದಲಿನ ಕಥೆ ಇಲ್ಲ. ಉದ್ದದ್ದರಲ್ಲಿ ಇದೆ. ದೋಣಿಯಲ್ಲಿ ಕೂತು ಜೊತೆಗಾರನಾದ ಎಲ್ಫ್ ಲೆಗೊಲಾಸ್‌ಗೆ ಮೆಲ್ಲಗೆ ಹೇಳುತ್ತಾನೆ. ಇದೊಂದಕ್ಕೇ ಉದ್ದದ ಆವೃತ್ತಿ ನೋಡಬಹುದು.

ಎರಡನೇ ಸಿನಿಮಾದಿಂದ ನನಗೆ ಸಂಕಟ ಶುರು. ಶತ್ರುಗಳು ಹೊತ್ತೊಯ್ದ ಗೆಳೆಯರನ್ನು ಬಿಡಿಸಲು ಅವನು, ಲೆಗೊಲಾಸ್, ನಾಯಕ ಅರಗಾರ್ನ್ ಓಡುವಾಗ ಗಿಮ್ಲಿ ಏದುಸಿರು ಬಿಡುತ್ತಾ ಹಿಂದೆ ಬೀಳುತ್ತಾನೆ. ಕುದುರೆ ಮೇಲಿಂದ ಬೀಳುತ್ತಾನೆ. ಕೋಟೆ ಗೋಡೆಯಾಚೆ ಏನೂ ಕಾಣದೆ ಒದ್ದಾಡುವಾಗ, ನಿಲ್ಲೋಕೆ ಪೆಟ್ಟಿಗೆ ತರಲಾ ಅಂತ ಲೆಗೊಲಾಸ್ ಕೇಳುತ್ತಾನೆ. ಪುಸ್ತಕದಲ್ಲಿ ಅದೇ ಓಟವನ್ನು ನೋಡಿ. ಮೂವರೂ ನಾಲ್ಕು ದಿನ ತುಂಬುವುದರೊಳಗೆ 45 ಲೀಗ್ ಓಡಿರುತ್ತಾರೆ. 200 ಕಿಲೋಮೀಟರಿಗೂ ಜಾಸ್ತಿ. ಬಂಗಾರಪೇಟೆಯಿಂದ ಬೆಂಗಳೂರಿಗೆ ಹೋಗಿ, ವಾಪಸ್ ಬಂದು, ಮತ್ತೆ ಹೋದಷ್ಟು ದೂರ. ಕೇಳಿದ ಕುದುರೆ ಸವಾರ ಬೆರಗಾಗುತ್ತಾನೆ. ಆ ಮೂವರಲ್ಲಿ ಗಿಮ್ಲಿಯೂ ಒಬ್ಬ.

ಪುಸ್ತಕದಲ್ಲಿ ನಗುವೇ ಇಲ್ಲ ಅಂತಲ್ಲ. ಯುದ್ಧದಲ್ಲಿ ಯಾರು ಎಷ್ಟು ಶತ್ರುಗಳನ್ನು ಉರುಳಿಸಿದರು ಅನ್ನೋ ಪಂದ್ಯ ಎರಡರಲ್ಲೂ ಇದೆ. ಪುಸ್ತಕದಲ್ಲಿ ಗಿಮ್ಲಿ 42, ಲೆಗೊಲಾಸ್ 41. ಸಿನಿಮಾದಲ್ಲಿ, ಅದೂ ಉದ್ದದ್ದರಲ್ಲಿ ಮಾತ್ರ, 43, 42. ಎರಡರಲ್ಲೂ ಗಿಮ್ಲಿಯೇ ಮುಂದೆ, ಸಿನಿಮಾದಲ್ಲಿ ಮಾತ್ರ ಲೆಗೊಲಾಸ್ ಇನ್ನೊಂದು ಬಾಣ ಬಿಟ್ಟು ತನ್ನದೂ 43 ಅನ್ನುತ್ತಾನೆ. ಆದರೆ ಪುಸ್ತಕದಲ್ಲಿ ಅವನು ತಲೆಗೆ ಪಟ್ಟಿ ಕಟ್ಟಿಕೊಂಡು, ಬಾಯಿ ಮುಕ್ಕಾದ ಕೊಡಲಿ ಹಿಡಿದು ಬಂದು ಲೆಕ್ಕ ಹೇಳುತ್ತಾನೆ. ಅಲ್ಲಿ ನಾವು ಅವನ ಜೊತೆ ನಗುತ್ತೇವೆ.

ಆ ಯುದ್ಧ ಮುಗಿದ ಮೇಲೆ ಬರುವ ಎರಡು ಪುಟ ಸಿನಿಮಾದಲ್ಲಿ ಬರಲೇ ಇಲ್ಲ. ಥಿಯೇಟರಿನದ್ದರಲ್ಲೂ ಇಲ್ಲ, ಉದ್ದದ್ದರಲ್ಲೂ ಇಲ್ಲ. ಕೋಟೆಯ ಹಿಂದಿನ ಗುಹೆಗಳನ್ನು ನೋಡಿ ಬಂದ ಗಿಮ್ಲಿ ಅವುಗಳ ಬಗ್ಗೆ ಮಾತಾಡುತ್ತಾನೆ. ಕಲ್ಲಿನ ಕಂಬಗಳು, ನೀರಿನಲ್ಲಿ ಅವುಗಳ ನೆರಳು, ತೊಟ್ಟಿಕ್ಕುವ ಹನಿ. ನಿಮ್ಮವರು ಇದನ್ನೆಲ್ಲ ಅಗೆದು ಹಾಳು ಮಾಡಿಬಿಡ್ತಾರೆ ಅಂತ ಲೆಗೊಲಾಸ್ ಹೇಳಿದರೆ, ವಸಂತದಲ್ಲಿ ಹೂ ಬಿಟ್ಟ ಮರವನ್ನು ಸೌದೆಗೆ ಕಡಿಯುತ್ತೀರಾ ಅಂತ ಕೇಳುತ್ತಾನೆ. ಬೇಕಾದರೆ ದಿನವೆಲ್ಲ ಕೂತು, ಉಸಿರು ಬಿಗಿಹಿಡಿದು, ಒಂದೇ ಒಂದು ಚಕ್ಕೆ ತೆಗೆದೇವು ಅನ್ನುತ್ತಾನೆ. ಮಾಲೂರಿನ ಹತ್ತಿರ ಶಿವಾರಪಟ್ಟಣದಲ್ಲಿ ಶಿಲ್ಪಿಗಳು ವಿಗ್ರಹದ ಕಣ್ಣು ಬಿಡಿಸುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಉಳಿಗೆ ಟಕ್ ಅಂತ ಒಂದು ಸಣ್ಣ ಏಟು, ಬಾಯಲ್ಲಿ ಊದಿ ಪುಡಿ ಹಾರಿಸೋದು, ಬೆರಳಲ್ಲಿ ಸವರಿ ನೋಡೋದು, ಮತ್ತೊಂದು ಏಟು. ಗಿಮ್ಲಿ ಹೇಳುವುದು ಇದನ್ನೇ. ಇಂಥ ಮಾತು ಆಡುವವನನ್ನು ಕುದುರೆಯಿಂದ ಬೀಳಿಸಿ ನಗಿಸಬೇಕಾ?

ಮೂರನೆಯದರಲ್ಲಿ ಉದ್ದದ ಆವೃತ್ತಿ ಥಿಯೇಟರಿನದ್ದಕ್ಕಿಂತ ಕಡೆ. ಕುಡಿಯುವ ಪಂದ್ಯ ಸೇರಿಸಿದ್ದಾರೆ. ಅದರಲ್ಲಿ ಗಿಮ್ಲಿ ಕುಡಿದು ಮಲಗುತ್ತಾನೆ. ದೆವ್ವಗಳ ದಾರಿಯಲ್ಲಿ ಉಫ್ ಅಂತ ಊದಿ ಅವುಗಳನ್ನು ಓಡಿಸಲು ನೋಡುತ್ತಾನೆ. ಪುಸ್ತಕದಲ್ಲಿ ಆ ದಾರಿಯಲ್ಲಿ ನಾವು ನಡೆಯೋದು ಗಿಮ್ಲಿಯ ಭಯದ ಒಳಗಿಂದಲೇ. ನನಗೂ ಮೈ ತಣ್ಣಗಾಗಿತ್ತು.

ಹ್ಯಾರಿ ಪಾಟರ್‌ನ ರಾನ್‌ಗೂ ಇದೇ ಗತಿ. ಅವನು ಹ್ಯಾರಿಯ ಗೆಳೆಯ. ಮೂರನೇ ಪುಸ್ತಕದಲ್ಲಿ ಮುರಿದ ಕಾಲಲ್ಲಿ ಎದ್ದು ನಿಂತು, ಹ್ಯಾರಿಯನ್ನು ಕೊಲ್ಲಬೇಕಾದರೆ ನಮ್ಮನ್ನೂ ಕೊಲ್ಲಬೇಕಾಗುತ್ತೆ ಅನ್ನುವವನು ರಾನ್. 2004ರ ಸಿನಿಮಾದಲ್ಲಿ ಆ ಮಾತು ಅವರ ಗೆಳತಿ ಹರ್ಮಾಯಿನಿಗೆ ಹೋಯಿತು. ರಾನ್‌ಗೆ ಉಳಿದದ್ದು ನರಳಾಟ.

ಉದ್ದದ ಸಿನಿಮಾದಲ್ಲಿ ಜನಕ್ಕೆ ಉಸಿರು ಬಿಡೋಕೆ ನಗು ಬೇಕು, ಸರಿ. ನಮ್ಮ ಕಂಪನಿ ನಾಟಕಗಳಲ್ಲೂ ಬೇಕಿತ್ತು. ಆದರೆ ಅದಕ್ಕೆ ಬೇರೆ ಹಾಸ್ಯ ಪಾತ್ರ ಇರುತ್ತಿತ್ತು. ನಗಿಸಲಿ ಅಂತ ಭೀಮನನ್ನು ಗದೆ ಎಡವಿ ಬೀಳಿಸುತ್ತಿರಲಿಲ್ಲ.

ನೋಡುವವರಿಗೆ ನಾನು ಹೇಳೋದು ಇಷ್ಟು. ಮೊದಲನೆಯದಕ್ಕೆ ಉದ್ದದ್ದು, ಮೂರನೆಯದಕ್ಕೆ ಥಿಯೇಟರಿನದ್ದು. ಎರಡನೆಯದು ಯಾವುದಾದರೂ ಸರಿ, ನೋಡಿದ ಮೇಲೆ ಆ ಗುಹೆಯ ಎರಡು ಪುಟ ಓದಿ.

ನಾನು ಅದನ್ನು ಒಂದು ರಾತ್ರಿ ಟಿವಿ ಆರಿಸಿ, ಕನ್ನಡದಲ್ಲಿ ಹೇಳುತ್ತಾ ಓದಿದೆ. ಕೊನೆಯಲ್ಲಿ ಅವರಿಬ್ಬರೂ ಒಪ್ಪಂದ ಮಾಡಿಕೊಳ್ಳುತ್ತಾರೆ. ಬದುಕಿ ಉಳಿದರೆ ಗಿಮ್ಲಿ ಜೊತೆ ಲೆಗೊಲಾಸ್ ಗುಹೆ ನೋಡಲು ಬರಬೇಕು, ಅವನ ಜೊತೆ ಇವನು ಕಾಡಿಗೆ ಹೋಗಬೇಕು ಅಂತ. ಅಕ್ಕನ ಮಗ ಸುಮ್ಮನೆ ಕೂತಿದ್ದ. ಮೂಲೆಯಿಂದ ದೊಡ್ಡಪ್ಪ ಕೇಳಿದರು: 'ಆಮೇಲೆ ಅವನು ಗುಹೆ ನೋಡೋಕೆ ಹೋದನಾ?'

ಹೋದ ಅಂದೆ. ಹೊರಗೆ ಬಂದ ಮೇಲೆ ಲೆಗೊಲಾಸ್ ಏನೂ ಹೇಳಲಿಲ್ಲ, ಇದನ್ನು ಹೇಳೋಕೆ ತಕ್ಕ ಮಾತು ಗಿಮ್ಲಿ ಒಬ್ಬನ ಹತ್ತಿರವೇ ಇರೋದು ಅಂದನಂತೆ.

'ಅದನ್ನೂ ಓದು' ಅಂದರು ದೊಡ್ಡಪ್ಪ.