ಡೆಬಿಯನ್ ಮೇಲೆ ಜಿಟಿಎಕ್ಸ್ 1650: ದಾವಣಗೆರೆಯ ಸಂಕಲನ ಕೋಣೆಯಲ್ಲಿ ನಾಲ್ಕು ವರ್ಷ

ದಾವಣಗೆರೆಯ ವಿದ್ಯಾನಗರದಲ್ಲಿ ಮನೆಯ ಮುಂಗೋಣೆಯನ್ನೇ ಕೆಲಸದ ಕೋಣೆಯಾಗಿ ಮಾಡಿಕೊಂಡು ಮದುವೆ, ಗೃಹಪ್ರವೇಶ ಮತ್ತು ಶಾಲಾ ವಾರ್ಷಿಕೋತ್ಸವಗಳ ವಿಡಿಯೊ ಸಂಕಲನ ಮಾಡುತ್ತೇನೆ. 2021ರ ಅಕ್ಟೋಬರ್‌ನಲ್ಲಿ, ಗ್ರಾಫಿಕ್ಸ್ ಕಾರ್ಡುಗಳು ಸಿಗುವುದೇ ಕಷ್ಟವಾಗಿ ಬೆಲೆಯೂ ಏರಿದ್ದ ಕಾಲದಲ್ಲಿ, ಎನ್ವಿಡಿಯಾದ ಜಿಟಿಎಕ್ಸ್ 1650 ಕಾರ್ಡನ್ನು ಕೊಂಡು ಡೆಬಿಯನ್ 11 (ಲಿನಕ್ಸ್ ಆಧಾರಿತ ಕಾರ್ಯಾಚರಣೆ ವ್ಯವಸ್ಥೆ) ಇದ್ದ ನನ್ನ ಡೆಸ್ಕ್‌ಟಾಪ್‌ಗೆ ಅಳವಡಿಸಿದೆ. ಅದೇ ಯಂತ್ರ ಮುಂದೆ ಡೆಬಿಯನ್ 12ಕ್ಕೂ ಈಗ 13ಕ್ಕೂ ಏರಿದೆ, ಕಾರ್ಡ್ ಮಾತ್ರ ಅದೇ ಇದೆ. ಲಿನಕ್ಸ್‌ನಲ್ಲಿ ಇಂಥ ಕಾರ್ಡನ್ನು ನಡೆಸುವ ತಂತ್ರಾಂಶವಾದ ಡ್ರೈವರನ್ನು ಕೂರಿಸುವುದು ಎಂದಿಗೂ ಮುಗಿಯದ ತಾಪತ್ರಯ ಎಂಬ ಮಾತನ್ನು ನಾನೂ ಕೇಳಿದ್ದೆ. ನಾಲ್ಕು ವರ್ಷದ ಬಳಕೆಯ ನಂತರ ನಾನು ಕಂಡುಕೊಂಡದ್ದು ಬೇರೆ. ಡ್ರೈವರಿನ ಹೊಣೆ ಡೆಬಿಯನ್‌ನ ತಂತ್ರಾಂಶ ಹಾಕುವ, ತೆಗೆಯುವ ಪ್ಯಾಕೇಜ್ ವ್ಯವಸ್ಥೆಯದೋ ನನ್ನದೋ ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳದೆ ಇಬ್ಬರೂ ಕೈಹಾಕಿದಾಗಲೇ ನನಗೆ ದೊಡ್ಡ ತೊಂದರೆ ಬಂದದ್ದು.

ಮೊದಲು ಕಾರ್ಡಿನ ಬಗ್ಗೆ. ಇದು 2019ರ ಏಪ್ರಿಲ್‌ನಲ್ಲಿ ಬಂದ, ಟ್ಯೂರಿಂಗ್ ತಲೆಮಾರಿನ ಕಾರ್ಡ್. 896 ಕ್ಯೂಡಾ ಕೋರ್ (ಲೆಕ್ಕ ಮಾಡುವ ಘಟಕ), 4 ಜಿಬಿ ಮೆಮೊರಿ, 75 ವ್ಯಾಟ್ ವಿದ್ಯುತ್. 75 ವ್ಯಾಟ್ ಎಂದರೆ ಮದರ್‌ಬೋರ್ಡಿನ ಸ್ಲಾಟ್ ಒಂದೇ ಒದಗಿಸಬಲ್ಲಷ್ಟು. ನನ್ನ ಕಾರ್ಡಿಗೆ ಪವರ್ ಸಪ್ಲೈಯಿಂದ ಬೇರೆ ವೈರ್ ಎಳೆಯಬೇಕಾಗಿಲ್ಲ. ಬೇಸಿಗೆಯಲ್ಲಿ ಕರೆಂಟ್ ಹೋಗಿ ಬರುವ ನಮ್ಮ ಊರಿನಲ್ಲಿ, ಸಣ್ಣ ಯುಪಿಎಸ್ ಇಟ್ಟುಕೊಂಡು ದುಡಿಯುವವನಿಗೆ ಇದು ಸಣ್ಣ ಅನುಕೂಲವಲ್ಲ. ನನ್ನ ಪ್ರೊಸೆಸರ್ ರೈಜೆನ್ 5 3600. ಅದರೊಳಗೆ ಗ್ರಾಫಿಕ್ಸ್ ಭಾಗವೇ ಇಲ್ಲದಿರುವುದರಿಂದ ಕಾರ್ಡ್ ಕೈಕೊಟ್ಟರೆ ಮಾನಿಟರಿನ ವೈರನ್ನು ಮದರ್‌ಬೋರ್ಡಿಗೆ ಸಿಕ್ಕಿಸಿ ಕೆಲಸ ಮುಂದುವರಿಸುವ ದಾರಿ ಇರುವುದಿಲ್ಲ. ಹೊಸದಾಗಿ ಯಂತ್ರ ಜೋಡಿಸಿಕೊಳ್ಳುವವರು, ಸಾಧ್ಯವಿದ್ದರೆ, ಒಳಗೇ ಗ್ರಾಫಿಕ್ಸ್ ಇರುವ ಪ್ರೊಸೆಸರನ್ನೇ ಆರಿಸಿಕೊಳ್ಳಲಿ. ಡ್ರೈವರ್ ಕೆಟ್ಟ ದಿನ ಅದರ ಬೆಲೆ ತಿಳಿಯುತ್ತದೆ.

ಮೊದಲ ಅಳವಡಿಕೆ ಸುಲಭವಾಗಿಯೇ ಆಯಿತು. ಪ್ಯಾಕೇಜುಗಳು ಎಲ್ಲಿಂದ ಬರಬೇಕೆಂದು ಹೇಳುವ ಸೋರ್ಸಸ್ ಪಟ್ಟಿಯಲ್ಲಿ ಕಾಂಟ್ರಿಬ್ ಮತ್ತು ನಾನ್-ಫ್ರೀ (ಮುಕ್ತವಲ್ಲದ ತಂತ್ರಾಂಶದ) ವಿಭಾಗಗಳನ್ನು ಸೇರಿಸಿ, ಎನ್ವಿಡಿಯಾ-ಡಿಟೆಕ್ಟ್ ಎಂಬ ಸಣ್ಣ ಸಾಧನವನ್ನು ಓಡಿಸಿದರೆ ಯಾವ ಪ್ಯಾಕೇಜ್ ಬೇಕೆಂದು ಅದೇ ಹೇಳುತ್ತದೆ. ಎನ್ವಿಡಿಯಾ-ಡ್ರೈವರ್ ಎಂಬ ಪ್ಯಾಕೇಜನ್ನು ಹಾಕಿ ಯಂತ್ರವನ್ನು ಮರಳಿ ಚಾಲೂ ಮಾಡಿದಾಗ, ಅಲ್ಲಿಯವರೆಗೆ ಪರದೆಯನ್ನು ನಡೆಸುತ್ತಿದ್ದ ನೂವೋ ಎಂಬ ಮುಕ್ತ ಡ್ರೈವರ್ ಪಕ್ಕಕ್ಕೆ ಸರಿದು ಹೊಸದು ಕೂತಿತು. ಎನ್ವಿಡಿಯಾ-ಎಸ್‌ಎಂಐ ಎಂದು ಟರ್ಮಿನಲ್‌ನಲ್ಲಿ ಟೈಪ್ ಮಾಡಿದರೆ ಕಾರ್ಡಿನ ಹೆಸರು, ಡ್ರೈವರ್ ಆವೃತ್ತಿ, ಉಷ್ಣಾಂಶ, ಬಳಕೆಯಲ್ಲಿರುವ ಮೆಮೊರಿ ಎಲ್ಲವೂ ಒಂದು ಪುಟ್ಟ ಕೋಷ್ಟಕದಲ್ಲಿ ಕಾಣುತ್ತವೆ. ಇಂದಿಗೂ ನಾನು ಪ್ರತಿ ಅಪ್‌ಡೇಟ್ ಆದ ಮೇಲೆ ಮೊದಲು ನೋಡುವುದು ಆ ಕೋಷ್ಟಕವನ್ನೇ.

ತೊಂದರೆ ಬಂದದ್ದು 2022ರ ಫೆಬ್ರುವರಿಯಲ್ಲಿ, ಮಾಘ ಮಾಸದ ಮದುವೆಗಳ ನಡುವೆ, ಮತ್ತು ಅದನ್ನು ತಂದುಕೊಂಡದ್ದು ನಾನೇ. ಡೆಬಿಯನ್ ಕೊಡುತ್ತಿದ್ದುದು ಸ್ವಲ್ಪ ಹಳೆಯ ಸರಣಿಯ ಡ್ರೈವರ್. ಇನ್ನೂ ಹೊಸದು ಬೇಕೆಂಬ ಆಸೆಯಿಂದ, ರನ್ ಎಂಬ ವಿಸ್ತರಣೆಯಿರುವ ಅಳವಡಿಕೆಯ ಫೈಲನ್ನು ನೇರವಾಗಿ ಇಳಿಸಿಕೊಂಡು, ಇದ್ದ ಪ್ಯಾಕೇಜನ್ನು ತೆಗೆಯದೆಯೇ ಅದರ ಮೇಲೆ ಓಡಿಸಿದೆ. ಅದು ಕೇಳಿದ ಪ್ರಶ್ನೆಗಳಲ್ಲಿ ಡಿಕೆಎಂಎಸ್‌ಗೆ ನೋಂದಾಯಿಸಬೇಕೇ ಎಂಬುದೂ ಒಂದು. ಅದರ ಅರ್ಥ ತಿಳಿಯದೆ ಬೇಡವೆಂದೆ. ಹತ್ತು ದಿನ ಎಲ್ಲವೂ ಸರಿಯಾಗಿತ್ತು. ಹನ್ನೊಂದನೆಯ ದಿನ ಭದ್ರತೆಯ ಅಪ್‌ಡೇಟ್ ಜೊತೆಗೆ ಹೊಸ ಕರ್ನಲ್ (ಕಾರ್ಯಾಚರಣೆ ವ್ಯವಸ್ಥೆಯ ತಿರುಳು) ಬಂತು, ಯಂತ್ರವನ್ನು ಮರಳಿ ಚಾಲೂ ಮಾಡಿದೆ, ಲಾಗಿನ್ ಪರದೆ ಬರಬೇಕಾದಲ್ಲಿ ಬರಿಯ ಕಪ್ಪು. ಮರುದಿನ ಸಂಜೆಯೊಳಗೆ ಒಂದು ಮನೆಯವರಿಗೆ ಮದುವೆಯ ವಿಡಿಯೊ ಕೊಡುವುದಾಗಿ ಮಾತು ಕೊಟ್ಟಿದ್ದೆ.

ಹೀಗಾಗುವುದರ ಕಾರಣ ತಿಳಿದರೆ ಭಯ ಅರ್ಧ ಕಡಿಮೆಯಾಗುತ್ತದೆ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಈ ಡ್ರೈವರಿನ ಒಂದು ಭಾಗ ಕರ್ನಲ್ ಮಾಡ್ಯೂಲ್; ಅದನ್ನು ಯಾವ ಕರ್ನಲ್‌ಗಾಗಿ ಕಟ್ಟಲಾಗಿದೆಯೋ ಆ ಕರ್ನಲ್‌ನೊಂದಿಗೆ ಮಾತ್ರ ಅದು ಹೊಂದಿಕೊಳ್ಳುತ್ತದೆ. ಕರ್ನಲ್ ಬದಲಾದಾಗ ಮಾಡ್ಯೂಲನ್ನು ಮತ್ತೆ ಕಟ್ಟಬೇಕು. ಡೆಬಿಯನ್ ಪ್ಯಾಕೇಜಿನಲ್ಲಿ ಈ ಕೆಲಸವನ್ನು ತಾನಾಗಿಯೇ ಮಾಡುವುದು ಡಿಕೆಎಂಎಸ್ ಎಂಬ ವ್ಯವಸ್ಥೆ. ನಾನು ಬೇಡವೆಂದದ್ದು ಅದನ್ನೇ. ಹೊಸ ಕರ್ನಲ್‌ಗೆ ಹೊಂದುವ ಮಾಡ್ಯೂಲ್ ಇರಲಿಲ್ಲ, ನೂವೋ ಬರದಂತೆ ಮೊದಲೇ ತಡೆಪಟ್ಟಿಗೆ ಸೇರಿಸಲಾಗಿತ್ತು, ಹೀಗಾಗಿ ಚಿತ್ರ ಬಿಡಿಸಲು ಯಾರೂ ಉಳಿದಿರಲಿಲ್ಲ. ಜೊತೆಗೆ ಗ್ರಾಫಿಕ್ಸ್ ಲೈಬ್ರರಿಗಳಲ್ಲಿ ಕೆಲವು ಪ್ಯಾಕೇಜಿನವು, ಕೆಲವು ರನ್ ಫೈಲಿನವು ಎಂದು ಬೆರೆತುಹೋಗಿದ್ದವು. ಯಂತ್ರಕ್ಕೆ ಏನೂ ಆಗಿರಲಿಲ್ಲ, ನನ್ನ ಕಡತಗಳಿಗೂ ಏನೂ ಆಗಿರಲಿಲ್ಲ. ಪರದೆಗೆ ಚಿತ್ರ ಬರುವ ದಾರಿಯೊಂದು ಮುಚ್ಚಿತ್ತು, ಅಷ್ಟೆ.

ಕಂಟ್ರೋಲ್, ಆಲ್ಟ್ ಮತ್ತು ಎಫ್3 ಕೀಲಿಗಳನ್ನು ಒಟ್ಟಿಗೆ ಒತ್ತಿದಾಗ ಅಕ್ಷರಗಳ ಟರ್ಮಿನಲ್ ಬಂತು. ಅಲ್ಲಿ ಲಾಗಿನ್ ಆಗಿ, ರನ್ ಫೈಲನ್ನು ಅನ್‌ಇನ್‌ಸ್ಟಾಲ್ ಆಯ್ಕೆಯೊಂದಿಗೆ ಓಡಿಸಿ, ನಂತರ ಎನ್ವಿಡಿಯಾ ಹೆಸರಿನ ಎಲ್ಲಾ ಪ್ಯಾಕೇಜುಗಳನ್ನು ಪರ್ಜ್ ಮಾಡಿ (ಪೂರ್ತಿ ಅಳಿಸಿ), ಮತ್ತೆ ಡೆಬಿಯನ್‌ನ ಪ್ಯಾಕೇಜನ್ನೇ ಹಾಕಿದೆ. ದಾರಿ ಗೊತ್ತಿದ್ದರೆ ಅರ್ಧ ಗಂಟೆಯ ಕೆಲಸ, ನನಗೆ ಬೆಳಗಿನ ಜಾವದವರೆಗೆ ಹಿಡಿಯಿತು. ವಿಡಿಯೊವನ್ನು ಹೇಳಿದ ಸಮಯಕ್ಕೆ ಕೊಟ್ಟೆ. ಅಂದಿನಿಂದ ಇಂದಿನವರೆಗೆ ರನ್ ಫೈಲನ್ನು ಮುಟ್ಟಿಲ್ಲ. ಡೆಬಿಯನ್ ಯಾವ ಆವೃತ್ತಿ ಕೊಡುತ್ತದೆಯೋ ಅದೇ ನನ್ನ ಆವೃತ್ತಿ.

ಅದೇ ವರ್ಷದ ಮೇ ತಿಂಗಳಲ್ಲಿ ಇನ್ನೊಮ್ಮೆ ಕಪ್ಪು ಪರದೆ ಬಂತು, ಆದರೆ ಈ ಬಾರಿ ಹತ್ತು ನಿಮಿಷದಲ್ಲಿ ಹೋಯಿತು. ಡಿಕೆಎಂಎಸ್ ಇತ್ತು, ಆದರೆ ಹೊಸ ಕರ್ನಲ್‌ನ ಹೆಡರ್ ಫೈಲುಗಳು ಇರಲಿಲ್ಲ. ಅವಿಲ್ಲದೆ ಮಾಡ್ಯೂಲ್ ಕಟ್ಟಲಾಗದು. ನಾನು ಹೆಡರ್‌ಗಳನ್ನು ಒಂದು ನಿರ್ದಿಷ್ಟ ಕರ್ನಲ್ ಆವೃತ್ತಿಗೆ ಮಾತ್ರ ಹಾಕಿಕೊಂಡಿದ್ದೆ. ಲಿನಕ್ಸ್-ಹೆಡರ್ಸ್-ಎಎಂಡಿ64 ಎಂಬ, ಆವೃತ್ತಿಯ ಸಂಖ್ಯೆಯಿಲ್ಲದ ಪ್ಯಾಕೇಜನ್ನು ಹಾಕಿದರೆ ಪ್ರತಿ ಹೊಸ ಕರ್ನಲ್ ಜೊತೆಗೆ ಅದರ ಹೆಡರ್‌ಗಳೂ ಬರುತ್ತವೆ. ಈ ಕಾರ್ಡನ್ನು ಡೆಬಿಯನ್‌ಗೆ ಅಳವಡಿಸುವ ಎಲ್ಲರೂ ಮೊದಲ ದಿನವೇ ಮಾಡಬೇಕಾದ ಕೆಲಸ ಇದು. ಯಂತ್ರವನ್ನು ಮರಳಿ ಚಾಲೂ ಮಾಡುವ ಮೊದಲು ಡಿಕೆಎಂಎಸ್ ಸ್ಟೇಟಸ್ ಎಂದು ಕೇಳಿ, ಹೊಸ ಕರ್ನಲ್‌ನ ಎದುರು ಇನ್‌ಸ್ಟಾಲ್ಡ್ ಎಂದು ಬಂದಿದೆಯೇ ಎಂದು ನೋಡುವುದು ನನಗೆ ಈಗ ಅಭ್ಯಾಸವಾಗಿದೆ. ಒಂದು ವೇಳೆ ಬಂದಿಲ್ಲವಾದರೆ, ಯಂತ್ರ ಏಳುವಾಗ ಬರುವ ಗ್ರಬ್ ಪಟ್ಟಿಯಲ್ಲಿ ಹಳೆಯ ಕರ್ನಲ್ ಇದ್ದೇ ಇರುತ್ತದೆ. ಅದರಿಂದ ಬೂಟ್ ಮಾಡಿದರೆ ಹಿಂದಿನ ಮಾಡ್ಯೂಲ್ ಕೆಲಸ ಮಾಡುತ್ತದೆ. ಆದ್ದರಿಂದ ಹಳೆಯ ಕರ್ನಲನ್ನು ಅವಸರದಲ್ಲಿ ಅಳಿಸಬಾರದು. ಇನ್ನೊಂದು ಮಾತು ನಮ್ಮ ಊರಿನವರಿಗಾಗಿ: ಯುಪಿಎಸ್ ಪೂರ್ತಿ ಚಾರ್ಜ್ ಆಗಿರದೆ ಕರ್ನಲ್ ಅಪ್‌ಡೇಟ್ ಆರಂಭಿಸಬೇಡಿ. ಮಾಡ್ಯೂಲ್ ಕಟ್ಟುವುದಕ್ಕೂ ಯಂತ್ರ ಏಳಲು ಬೇಕಾದ ಇನಿಟ್‌ರಾಮ್‌ಎಫ್‌ಎಸ್ ಕಡತ ಬರೆಯುವುದಕ್ಕೂ ಕೆಲವು ನಿಮಿಷ ಬೇಕು, ಆ ನಡುವೆ ಕರೆಂಟ್ ಹೋದರೆ ಅರ್ಧ ಬರೆದ ಕಡತದಿಂದ ಯಂತ್ರ ಏಳುವುದಿಲ್ಲ.

2023ರ ಜೂನ್‌ನಲ್ಲಿ ಡೆಬಿಯನ್ 12 ಬಂದಾಗ ಏರಿಕೆ ಸಲೀಸಾಗಿ ಆಯಿತು. ಗಮನಿಸಬೇಕಾದ ಬದಲಾವಣೆ ಒಂದೇ: ಫರ್ಮ್‌ವೇರ್ (ಯಂತ್ರಭಾಗಗಳ ಒಳಗೇ ಓಡುವ ತಂತ್ರಾಂಶ) ಪ್ಯಾಕೇಜುಗಳು ನಾನ್-ಫ್ರೀಯಿಂದ ನಾನ್-ಫ್ರೀ-ಫರ್ಮ್‌ವೇರ್ ಎಂಬ ಹೊಸ ವಿಭಾಗಕ್ಕೆ ಹೋದವು, ಡ್ರೈವರ್ ಮಾತ್ರ ನಾನ್-ಫ್ರೀಯಲ್ಲೇ ಉಳಿಯಿತು. ಸೋರ್ಸಸ್ ಪಟ್ಟಿಯಲ್ಲಿ ಎರಡೂ ಇರಬೇಕು. ಅದೇ ಸಮಯದಲ್ಲಿ ಸೆಕ್ಯೂರ್ ಬೂಟ್ ಅನ್ನೂ ಚಾಲೂ ಮಾಡಿಕೊಂಡೆ. ಸೆಕ್ಯೂರ್ ಬೂಟ್ ಇದ್ದಾಗ ಸಹಿಯಿಲ್ಲದ ಮಾಡ್ಯೂಲನ್ನು ಕರ್ನಲ್ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಡಿಕೆಎಂಎಸ್ ತಾನೇ ಒಂದು ಕೀಲಿ ತಯಾರಿಸಿ ಮಾಡ್ಯೂಲ್‌ಗೆ ಸಹಿ ಹಾಕುತ್ತದೆ, ನಾವು ಮಾಡಬೇಕಾದುದು ಆ ಕೀಲಿಯನ್ನು ಯಂತ್ರಕ್ಕೆ ಪರಿಚಯಿಸುವುದು. ಮೋಕ್‌ಯುಟಿಲ್ ಆಜ್ಞೆಯಿಂದ ಕೀಲಿಯನ್ನು ಸೇರಿಸಿ, ತಾತ್ಕಾಲಿಕ ಪಾಸ್‌ವರ್ಡ್ ಕೊಟ್ಟು, ಮರಳಿ ಚಾಲೂ ಮಾಡಿದಾಗ ನೀಲಿ ಬಣ್ಣದ ಪರದೆಯೊಂದು ಬರುತ್ತದೆ. ಅದು ಹತ್ತು ಸೆಕೆಂಡ್ ಮಾತ್ರ ಕಾಯುತ್ತದೆ. ಅಷ್ಟರಲ್ಲಿ ಕೀಬೋರ್ಡಿನ ಯಾವುದಾದರೂ ಕೀಲಿ ಒತ್ತಿ, ಎನ್ರೋಲ್ ಮೋಕ್ ಆರಿಸಿ, ಪಾಸ್‌ವರ್ಡ್ ಕೊಡಬೇಕು. ಯಂತ್ರ ಏಳಲಿ ಎಂದು ಆ ಹೊತ್ತಿಗೆ ಕಾಫಿಗೆ ಎದ್ದುಹೋದವರು ಮರಳಿ ಬರುವಷ್ಟರಲ್ಲಿ ಅವಕಾಶ ಕೈತಪ್ಪಿರುತ್ತದೆ, ಡ್ರೈವರ್ ಏಕೆ ಬರಲಿಲ್ಲವೆಂಬುದೂ ತಿಳಿಯುವುದಿಲ್ಲ.

ಪರದೆಯ ಗುಣಮಟ್ಟದ ಬಗ್ಗೆ ಎರಡು ಹೊಂದಾಣಿಕೆ ಹೇಳಬೇಕು. ನನ್ನ ಬಳಿ ಎರಡು ಮಾನಿಟರ್ ಇವೆ, ಒಂದು 60 ಹರ್ಟ್ಸ್, ಇನ್ನೊಂದು 75. ಪರದೆಯ ಮೇಲೆ ಕಿಟಕಿಗಳನ್ನು ತೋರಿಸುವ ಎಕ್ಸ್11 ವ್ಯವಸ್ಥೆಯಲ್ಲಿ ವಿಡಿಯೊ ಓಡುವಾಗ, ಕ್ಯಾಮೆರಾ ಅಡ್ಡ ಚಲಿಸಿದಲ್ಲೆಲ್ಲ ಚಿತ್ರ ಅಡ್ಡಗೆರೆಯಂತೆ ಕತ್ತರಿಸಿ ಕಾಣುತ್ತಿತ್ತು. ಸಂಕಲನ ಮಾಡುವವನಿಗೆ ಇದು ಸಹಿಸುವ ಮಾತಲ್ಲ, ಏಕೆಂದರೆ ದೋಷ ಚಿತ್ರೀಕರಣದಲ್ಲಿದೆಯೋ ಪರದೆಯಲ್ಲಿದೆಯೋ ಎಂದು ತಿಳಿಯುವುದಿಲ್ಲ. ಎನ್ವಿಡಿಯಾ-ಸೆಟ್ಟಿಂಗ್ಸ್‌ನಲ್ಲಿ ಎರಡೂ ಮಾನಿಟರಿಗೆ ಫೋರ್ಸ್ ಫುಲ್ ಕಾಂಪೊಸಿಷನ್ ಪೈಪ್‌ಲೈನ್ ಎಂಬ ಆಯ್ಕೆಯನ್ನು ಹಾಕಿ ಉಳಿಸಿದ ಮೇಲೆ ಗೆರೆ ಹೋಯಿತು. ಇನ್ನೊಂದು, ಯಂತ್ರವನ್ನು ನಿದ್ರೆಗೆ ಕಳಿಸಿ ಎಬ್ಬಿಸಿದಾಗ ಕಿಟಕಿಗಳು ಚೂರುಚೂರಾಗಿ ಕಾಣುತ್ತಿದ್ದುದು. ನಿದ್ರೆಯಲ್ಲಿ ಕಾರ್ಡಿನ ಮೆಮೊರಿಯ ವಿಷಯ ಪೂರ್ತಿ ಉಳಿಯುವುದಿಲ್ಲ. ಪ್ರಿಸರ್ವ್‌ವಿಡಿಯೊಮೆಮೊರಿಅಲೊಕೇಷನ್ಸ್ ಎಂಬ ಮಾಡ್ಯೂಲ್ ಆಯ್ಕೆಗೆ 1 ಎಂದು ಕೊಟ್ಟು, ಎನ್ವಿಡಿಯಾ-ಸಸ್ಪೆಂಡ್ ಮತ್ತು ಎನ್ವಿಡಿಯಾ-ರೆಸ್ಯೂಮ್ ಸೇವೆಗಳನ್ನು ಚಾಲೂ ಮಾಡಿದರೆ ಅದನ್ನೆಲ್ಲ ಡಿಸ್ಕಿಗೆ ಬರೆದಿಟ್ಟು ಮರಳಿ ತರುತ್ತದೆ. ಹಾಗೆ ಬರೆಯುವ ಜಾಗದಲ್ಲಿ 4 ಜಿಬಿಯಷ್ಟಾದರೂ ಖಾಲಿ ಇರಬೇಕು.

ಇಷ್ಟೆಲ್ಲ ಮಾಡಿ ಸಿಕ್ಕಿದ್ದೇನು? ಬ್ಲೆಂಡರ್ ಎಂಬ 3ಡಿ ತಂತ್ರಾಂಶದಲ್ಲಿ ಹೆಸರುಗಳ ಅಲಂಕಾರ ಮಾಡುವಾಗ, ಅಂತಿಮ ಚಿತ್ರ ತಯಾರಿಸುವ ಅದರ ಸೈಕಲ್ಸ್ ರೆಂಡರನ್ನು ಕಾರ್ಡಿನ ಮೇಲೆ ಓಡಿಸಬಲ್ಲೆ, ಇದು ಪ್ರೊಸೆಸರಿಗಿಂತ ಕಣ್ಣಿಗೆ ಕಾಣುವಷ್ಟು ಬೇಗ ಮುಗಿಯುತ್ತದೆ. ಸಂಕಲನದ ತಂತ್ರಾಂಶವಾದ ಕೆಡೆನ್‌ಲೈವ್‌ನಲ್ಲಿ ಕಾರ್ಡಿನೊಳಗಿನ ಎನ್‌ವಿಎನ್‌ಸಿ ಎನ್‌ಕೋಡರ್ (ವಿಡಿಯೊವನ್ನು ಕುಗ್ಗಿಸಿ ಬರೆಯುವ ಭಾಗ) ಬಳಸಿದರೆ ಎರಡು ಗಂಟೆಯ ಮದುವೆಯ ಕರಡು ಪ್ರತಿ ಊಟ ಮುಗಿಸಿ ಬರುವಷ್ಟರಲ್ಲಿ ಸಿದ್ಧವಾಗಿರುತ್ತದೆ. ಅಂತಿಮ ಪ್ರತಿಗೆ ಮಾತ್ರ ನಾನು ಪ್ರೊಸೆಸರಿನ ಮೇಲೆ ಓಡುವ ಎಕ್ಸ್264 ಎನ್‌ಕೋಡರನ್ನೇ ನಂಬುತ್ತೇನೆ; ಆರಂಭದ ಜಿಟಿಎಕ್ಸ್ 1650ಗಳಲ್ಲಿರುವ ಎನ್‌ಕೋಡರ್ ಟ್ಯೂರಿಂಗ್‌ನದಲ್ಲ, ಅದರ ಹಿಂದಿನ ತಲೆಮಾರಿನದು. ರೇಷ್ಮೆ ಸೀರೆಯ ಜರಿ, ಅಕ್ಷತೆ ಹಾರುವ ಕ್ಷಣ, ಇಂಥ ಸೂಕ್ಷ್ಮ ವಿವರಗಳಲ್ಲಿ ವ್ಯತ್ಯಾಸ ನನ್ನ ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತದೆ. ಏಪ್ರಿಲ್ ಮಧ್ಯಾಹ್ನಗಳಲ್ಲಿ ಕೋಣೆಯ ಫ್ಯಾನ್ ಮಾತ್ರ ತಿರುಗುತ್ತಿರುವಾಗ ಕಾರ್ಡಿನ ಉಷ್ಣಾಂಶ 78 ಡಿಗ್ರಿವರೆಗೆ ಹೋದದ್ದನ್ನು ನೋಡಿದ್ದೇನೆ. ಮೂರು ತಿಂಗಳಿಗೊಮ್ಮೆ ಧೂಳು ತೆಗೆದರೆ ಆರೇಳು ಡಿಗ್ರಿ ಇಳಿಯುತ್ತದೆ.

ಮುಕ್ತ ಡ್ರೈವರನ್ನೇ ಬಳಸಬಾರದೇ ಎಂದು ಕೇಳುವವರಿದ್ದಾರೆ, ನನಗೂ ಆ ಆಸೆ ಇದೆ. ಡೆಬಿಯನ್ 12ರಲ್ಲಿ ಒಂದು ತಿಂಗಳು ನೂವೋ ಇಟ್ಟು ನೋಡಿದೆ. ಬರವಣಿಗೆಗೆ, ಬ್ರೌಸರಿಗೆ ಕೊರತೆಯಿಲ್ಲ, ಆದರೆ ಕಾರ್ಡ್ ತನ್ನ ಕನಿಷ್ಠ ವೇಗದಲ್ಲೇ ನಿಲ್ಲುತ್ತದೆ. ವೇಗ ಏರಿಸಲು ಬೇಕಾದ ಜಿಎಸ್‌ಪಿ ಫರ್ಮ್‌ವೇರಿನ ಬೆಂಬಲ ನೂವೋಗೆ ಬಂದದ್ದು 2024ರ ಜನವರಿಯ 6.7ನೇ ಕರ್ನಲ್‌ನಲ್ಲಿ, ಡೆಬಿಯನ್ 12ರದು 6.1. ಬೆಂಬಲ ಬಂದ ಮೇಲೂ ಕಾರ್ಡಿನ ಮೇಲೆ ಲೆಕ್ಕ ಓಡಿಸುವ ಕ್ಯೂಡಾ ಮತ್ತು ಎನ್‌ವಿಎನ್‌ಸಿ ನೂವೋದಲ್ಲಿ ಸಿಗುವುದಿಲ್ಲ, ನನ್ನ ಹೊಟ್ಟೆಪಾಡು ಅವೆರಡರ ಮೇಲೆ ನಿಂತಿದೆ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ ಡ್ರೈವರ್ 550ನೇ ಸರಣಿಯದು. ಎಕ್ಸ್11ರ ಜಾಗಕ್ಕೆ ಬರುತ್ತಿರುವ ವೇಲ್ಯಾಂಡ್‌ನಲ್ಲಿ ಹಳೆಯ ಎಕ್ಸ್ ಅನ್ವಯಗಳ ಮಿನುಗುವಿಕೆಯನ್ನು ತಡೆಯುವ ಎಕ್ಸ್‌ಪ್ಲಿಸಿಟ್ ಸಿಂಕ್ ಏರ್ಪಾಡು ಬಂದದ್ದು 555ರಿಂದ, ಆದ್ದರಿಂದ ಕೆಲಸದ ಯಂತ್ರದಲ್ಲಿ ನಾನಿನ್ನೂ ಎಕ್ಸ್11 ಬಿಟ್ಟಿಲ್ಲ.

ಹಳೆಯ ಕಾರ್ಡ್ ಕೊಳ್ಳುವವರು ಅದರ ತಲೆಮಾರನ್ನು ಮೊದಲು ನೋಡಬೇಕು. ಕೆಪ್ಲರ್ ತಲೆಮಾರಿನವಕ್ಕೆ 470ನೇ ಸರಣಿಯೇ ಕೊನೆ. ಮ್ಯಾಕ್ಸ್‌ವೆಲ್ ಮತ್ತು ಪ್ಯಾಸ್ಕಲ್‌ಗೆ, ಎಂದರೆ ಜಿಟಿಎಕ್ಸ್ 900 ಮತ್ತು 1000 ಸರಣಿಯವಕ್ಕೆ, 580 ಕೊನೆ. ಟ್ಯೂರಿಂಗ್ ಆ ಗೆರೆಯ ಈಚೆಗಿದೆ. 2022ರಲ್ಲಿ ಎನ್ವಿಡಿಯಾ ಬಿಡುಗಡೆ ಮಾಡಿದ ಮುಕ್ತ ಆಕರದ ಕರ್ನಲ್ ಮಾಡ್ಯೂಲ್‌ಗಳೂ ಟ್ಯೂರಿಂಗ್ ಮತ್ತು ನಂತರದವಕ್ಕೆ ಮಾತ್ರ. ಬೆಲೆ ಸ್ವಲ್ಪ ಹೆಚ್ಚಾದರೂ ಸೆಕೆಂಡ್ ಹ್ಯಾಂಡ್‌ನಲ್ಲಿ ಜಿಟಿಎಕ್ಸ್ 1050 ಬದಲು 1650 ಕೊಳ್ಳಿ ಎಂದು ನಾನು ಹೇಳುವುದು ಇದಕ್ಕಾಗಿಯೇ.

ಕಳೆದ ತಿಂಗಳು ಚಿತ್ರದುರ್ಗದಲ್ಲಿರುವ ಅಕ್ಕನ ಮಗ ಹಳೆಯ ಎಎಂಡಿ ಆರ್‌ಎಕ್ಸ್ 580 ಕಾರ್ಡೊಂದನ್ನು ಕೊಂಡು, ಡೆಬಿಯನ್ 13 ಹಾಕಿಕೊಂಡು, "ಮಾವ, ಡ್ರೈವರ್ ಯಾವುದು ಹಾಕಲಿ?" ಎಂದು ಫೋನ್ ಮಾಡಿದ. ಅದರ ಡ್ರೈವರ್ ಎಎಂಡಿಜಿಪಿಯು ಕರ್ನಲ್‌ನಲ್ಲೇ ಇದೆ, ಉಳಿದದ್ದು ಮೆಸಾ ಎಂಬ ಗ್ರಾಫಿಕ್ಸ್ ಲೈಬ್ರರಿಯಲ್ಲಿ, ಫರ್ಮ್‌ವೇರನ್ನು ಅಳವಡಿಕೆಯ ವೇಳೆಯಲ್ಲೇ ಡೆಬಿಯನ್ ಹಾಕಿರುತ್ತದೆ. ಏನೂ ಹಾಕಬೇಡ, ಹಾಗೆಯೇ ಬಳಸು ಎಂದೆ. ಅವನದು ಪ್ರೋಗ್ರಾಮಿಂಗ್ ಓದು, ಜೊತೆಗೆ ಒಂದಿಷ್ಟು ಆಟ. ಅದಕ್ಕೆ ಆ ಕಾರ್ಡೇ ಸರಿ. ಆದರೆ ಬ್ಲೆಂಡರ್‌ನ ಸೈಕಲ್ಸ್ ಈಗ ಆ ತಲೆಮಾರಿನ ಎಎಂಡಿ ಕಾರ್ಡಿನ ಮೇಲೆ ಓಡುವುದಿಲ್ಲ. ಹಾಗಾಗಿ ಈ ಬಾರಿಯ ಮದುವೆಯ ಹಂಗಾಮಿಗೂ ನನ್ನ ಮೇಜಿನ ಕೆಳಗೆ ಜಿಟಿಎಕ್ಸ್ 1650ಯೇ ಇರುತ್ತದೆ, ಡ್ರೈವರ್ ಡೆಬಿಯನ್ ಕೊಟ್ಟದ್ದೇ ಇರುತ್ತದೆ.